ತೊಗರಿ ಹೊಲಕ್ಕೆ ತಂದ ಏರ್ ಹಾರ್ನ್: ಎರಡು ತಿಂಗಳು ಬಳಸಿದ ಮೇಲೆ

ನಮ್ಮ ಹೊಲ ಚಿಂಚೋಳಿ ಕಾಡಿನ ಅಂಚಿಗಿದೆ. ನಾಲ್ಕು ಎಕರೆ ತೊಗರಿ. ಕಾಯಿ ಕಟ್ಟುವ ಹೊತ್ತಿಗೆ ಹಂದಿಗಳು ಇಳಿಯುತ್ತವೆ. ಒಂದು ರಾತ್ರಿ ಕಣ್ಣು ಹತ್ತಿದರೆ ಸಾಕು, ಬೆಳಿಗ್ಗೆ ಒಂದು ಮೂಲೆ ಪೂರ್ತಿ ನೆಲಕ್ಕೆ ಮಲಗಿರುತ್ತದೆ. ತಗಡು ಬಡಿದೆವು, ಪಟಾಕಿ ಹಚ್ಚಿದೆವು. ಒಣಗುತ್ತಿರುವ ಬೆಳೆಯಲ್ಲಿ ಪಟಾಕಿ ಅಂದ್ರೆ ಬೆಂಕಿಯ ಭಯ ಬೇರೆ. ಕೊನೆಗೆ ನವೆಂಬರಿನಲ್ಲಿ ಕಲಬುರಗಿಗೆ ಹೋದಾಗ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ 12 ವೋಲ್ಟಿನ, ಗಾಳಿಯಿಂದ ಕೂಗುವ ಏರ್ ಹಾರ್ನ್ ಕೊಂಡೆ. 1,450 ರೂಪಾಯಿ.

ಗಾಳಿ ಒತ್ತಿ ಕೊಡುವ, ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಂಪ್ರೆಸರ್, ಎರಡು ಕೆಂಪು ತುತ್ತೂರಿ, ಒಂದಿಷ್ಟು ಪೈಪು. ರಿಲೇ, ಅಂದ್ರೆ ಜಾಸ್ತಿ ಕರೆಂಟನ್ನು ಸ್ವಿಚ್ಚಿನ ಬದಲು ತಾನು ಹೊರುವ ಸಣ್ಣ ಡಬ್ಬಿ, ಇದೆ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು, ಒಳಗಿರಲಿಲ್ಲ. ಫೋನ್ ಮಾಡಿದರೆ "ಇಲ್ಲಿಗೇ ಬಂದು ಒಯ್ಯಿರಿ" ಅಂದರು. ಒಂದು ರಿಲೇಗಾಗಿ ಮತ್ತೆ ಕಲಬುರಗಿಗೆ ಬಸ್ಸು ಹತ್ತಬೇಕಾ? ಇದರ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ಕಂಪ್ರೆಸರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಮೊದಲ ದಿನ ರಿಲೇ ಇಲ್ಲದೆ ನೋಡಿದೆ, ಸ್ವಿಚ್ಚು ಕೈಗೆ ಸುಟ್ಟಿತು. ಈಗ ಬೇರೆ ರಿಲೇ, ದಪ್ಪ ವೈರು, 20 ಆಂಪಿಯರ್ ಫ್ಯೂಸ್ ಹಾಕಿ ಟ್ರ್ಯಾಕ್ಟರಿನ ಹಳೇ ಬ್ಯಾಟರಿಗೆ ಕೊಟ್ಟಿದ್ದೇನೆ. ಮೂರು ಸೆಕೆಂಡಿಗಿಂತ ಹೆಚ್ಚು ಒತ್ತುವುದಿಲ್ಲ.

ಮೂರನೇ ವಾರಕ್ಕೆ ಒಂದು ತುತ್ತೂರಿಯ ಗಂಟಲು ಕಟ್ಟಿತು. ಹಿಂದಿನ ಡಬ್ಬಿ ಬಿಚ್ಚಿ ನೋಡಿದೆ. ಒಳಗೆ ಕಾಗದದಷ್ಟು ತೆಳುವಾದ ದುಂಡನೆ ತಗಡು, ಕೊಳವೆಯ ಬಾಯಿಗೆ ಒತ್ತಿಕೊಂಡು ಕೂತಿದೆ. ಗಾಳಿ ಬಂದು ಅದನ್ನು ತಳ್ಳುತ್ತದೆ, ಸಂದಿಯಿಂದ ನುಗ್ಗಿ ಹೋಗುತ್ತದೆ, ತಗಡು ಮತ್ತೆ ಬಂದು ಮುಚ್ಚುತ್ತದೆ. ಸೆಕೆಂಡಿಗೆ ನೂರಾರು ಸಲ ಇದೇ ಆಟ. ಆ ನಡುಕವೇ ಕೂಗು. ಉದ್ದ ತುತ್ತೂರಿಯದು ದಪ್ಪ ದನಿ, ಗಿಡ್ಡದ್ದು ಕೀಚಲು. ನಮ್ಮದರಲ್ಲಿ ತಗಡಿಗೂ ಕೊಳವೆಗೂ ನಡುವೆ ಕರಿಮಣ್ಣಿನ ಧೂಳು ಸೇರಿತ್ತು. ಮೆತ್ತನೆ ಬಟ್ಟೆಯಿಂದ ಒರೆಸಿ ಕೂರಿಸಿದೆ, ದನಿ ವಾಪಸ್ ಬಂತು. ಆಮೇಲೆ ಎರಡನ್ನೂ ಬಾಯಿ ಸ್ವಲ್ಪ ಕೆಳಗೆ ಮಾಡಿ ಅಟ್ಟಣಿಗೆಗೆ ಕಟ್ಟಿದೆ. ಮಂಜಿನ ನೀರೂ ನಿಲ್ಲುವುದಿಲ್ಲ.

ದೊಡ್ಡ ಲಾರಿಗಳಲ್ಲಿ ಬ್ರೇಕಿಗಾಗಿ ಟ್ಯಾಂಕಿನಲ್ಲಿ ತುಂಬಿಟ್ಟ ಗಾಳಿಯನ್ನೇ ಹಾರ್ನಿಗೂ ಕೊಡುತ್ತಾರೆ. ಕಲಬುರಗಿ ಸ್ಟೇಷನ್ನಿಗೆ ಬರುವ ರೈಲಿನ ಇಂಜಿನ್ ಕೂಗುವುದೂ ಹಾಗೇ, ಗಾಳಿಯಿಂದಲೇ. ನಮ್ಮದು ಅಷ್ಟು ಜೋರಿಲ್ಲ, ಆದರೆ ಹೊಲದ ಆ ತುದಿಗೆ ಚೆನ್ನಾಗಿ ಮುಟ್ಟುತ್ತದೆ. ಮೊದಲ ರಾತ್ರಿ ಪಕ್ಕದ ಹೊಲದ ತಮ್ಮ ಓಡಿ ಬಂದ. "ಅಣ್ಣಾ, ಲಾರಿ ಹೊಲಕ್ಕ ಬಂತೇನ್ರಿ?"

ಹಂದಿ ಹೋದವಾ? ಮೊದಲ ಹತ್ತು ದಿನ ಒಂದೂ ಇಳಿಯಲಿಲ್ಲ. ನಾನು ದಿನಾ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಅಂತ ಒತ್ತುತ್ತಿದ್ದೆ. ಅವಕ್ಕೆ ಅದು ರೂಢಿಯಾಯಿತು, ಒಂದು ರಾತ್ರಿ ನಾಲ್ಕಕ್ಕೆ ಬಂದವು. ಈಗ ಹೊತ್ತು ಬದಲಿಸುತ್ತೇನೆ, ವಾರಕ್ಕೊಮ್ಮೆ ಜಾಗ ಬದಲಿಸುತ್ತೇನೆ, ಜೊತೆಗೆ ಟಾರ್ಚ್ ಬೆಳಕು ಬಿಡುತ್ತೇನೆ. ಕಾಡಿನ ಕಡೆಯ ಮೂಲೆ ಈ ವರ್ಷ ನಿಂತಿದೆ. ಸುಮ್ನೆ ಗುಂಡಿ ಒತ್ತಿ ಮಲಗುತ್ತೇನೆ ಅನ್ನುವವರಿಗೆ ಇದು ಬೇಡ.

ಮನೆಗಳ ಹತ್ತಿರದ ಹೊಲದಲ್ಲಿ ಇಡಬೇಡಿ. ತುತ್ತೂರಿ ಬಾಯಿ ಮುಂದೆ ನಿಂತು ಒತ್ತಲೇಬೇಡಿ, ನಮ್ಮಪ್ಪನಿಗೆ ಸಂಜೆವರೆಗೂ ಕಿವಿ ಗುಂಯ್‌ಗುಟ್ಟಿತು. ಬೈಕಿಗೆ, ಜೀಪಿಗೆ ಹಾಕುವ ಆಸೆಯಂತೂ ಬಿಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 119ನೆಯದು ಇಂಥ ಕರ್ಕಶ ಹಾರ್ನಿಗೆ ಅವಕಾಶ ಕೊಡುವುದಿಲ್ಲ. ರಸ್ತೆಯಲ್ಲಿ ಮಗು ಎತ್ತಿಕೊಂಡು ಹೋಗುವವರ ಬೆನ್ನಿಗೆ ಇದನ್ನು ಒತ್ತಿದರೆ ಹೇಗಿರುತ್ತೆ, ಯೋಚಿಸಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕಡಿತ ಆ ರಿಲೇಗೆ ಮತ್ತು ಧೂಳು ತಡೆಯದ ಡಬ್ಬಿಗೆ. ಕೊಳ್ಳುವವರು ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ, ರಿಲೇ ಕೈಗೆ ತಗೊಂಡು ನೋಡಿ, ಆಮೇಲೆ ದುಡ್ಡು ಕೊಡಿ.