ಕಂಪನಿ ಮಾಡಿಸಲು ಹೋಗಿ ಬರಿಗೈಯಲ್ಲಿ ಬಂದೆ: ಮಾಟುಂಗಾದ ಸಿಎ ಮೇಡಂ ಬಗ್ಗೆ

ನಾನು ಗ್ರೈಂಡರ್ ರಿಪೇರಿ ಮಾಡುವವನು. ದಾದರ್‌ನಿಂದ ಮುಲುಂಡ್‌ವರೆಗಿನ ಉಡುಪಿ ಹೋಟೆಲುಗಳಲ್ಲಿ ಬೆಳಗಿನ ಜಾವ ಹಿಟ್ಟು ರುಬ್ಬುವ ಕಲ್ಲು ನಿಂತುಹೋದರೆ ಫೋನು ಬರುವುದು ನನಗೆ. ಸಾಯನ್ ಹತ್ತಿರ ಹತ್ತಡಿ ಹನ್ನೆರಡಡಿಯ ಬಾಡಿಗೆಯ ಗಾಳಾ, ಅಂದರೆ ಸಣ್ಣ ಕಾರ್ಯಾಗಾರ, ಇಬ್ಬರು ಹುಡುಗರು, ಒಂದು ಸ್ಕೂಟರು. ಮೋಟಾರಿಗೆ ವೈಂಡಿಂಗ್ ಮಾಡುತ್ತೇವೆ, ಬೇರಿಂಗ್, ಬೆಲ್ಟು ಬದಲಿಸುತ್ತೇವೆ, ಸವೆದ ಕಲ್ಲಿಗೆ ಉಳಿಪೆಟ್ಟು ಹಾಕುತ್ತೇವೆ. ಹದಿನೆಂಟು ವರ್ಷ ಹೀಗೆಯೇ ನಡೆದಿತ್ತು.

2024ರ ಮಳೆಗಾಲದಲ್ಲಿ ನನ್ನ ತಲೆಗೆ ಕಂಪನಿಯ ಹುಳು ಹೊಕ್ಕಿತು. ಮೊಬೈಲಿನಲ್ಲಿ ದಿನಾ ಒಂದು ಜಾಹೀರಾತು: ಹತ್ತು ಸಾವಿರದೊಳಗೆ ನಿಮ್ಮದೇ ಪ್ರೈವೇಟ್ ಲಿಮಿಟೆಡ್, ಮನೆಯಲ್ಲೇ ಕುಳಿತು. ಫೋನು ಮಾಡಿದೆ. ಅತ್ತಲಿಂದ ಮಾತನಾಡಿದ ಹುಡುಗ ನನ್ನ ಕೆಲಸ ಏನೆಂದು ಕೇಳಲೇ ಇಲ್ಲ. ಒಬ್ಬರೇ ಇದ್ದರೆ ಒಪಿಸಿ, ಅಂದರೆ ಏಕವ್ಯಕ್ತಿ ಕಂಪನಿ; ಇಬ್ಬರಿದ್ದರೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ; ಮುಂಗಡ ಈಗಲೇ ಕಳಿಸಿ ಎಂದ. ಥಾಲಿ ಬೇಕೋ ಮಿನಿ ಥಾಲಿಯೋ ಎಂದು ಕೇಳುವ ಮಾಣಿ ಕೂಡ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾನೆ. ಆಗಲೇ ಗಿರಾಕಿಯಾದ ಹೋಟೆಲಿನ ಕ್ಯಾಶಿಯರ್ ಒಬ್ಬರು ಚಾರ್ಟರ್ಡ್ ಅಕೌಂಟೆಂಟ್ ಆದ ಈ ಮೇಡಂ ಬಳಿಗೆ ಕಳಿಸಿದರು.

ಮಾಟುಂಗಾ ಮಾರುಕಟ್ಟೆಯ ಹಿಂದಿನ ಹಳೆಯ ಕಟ್ಟಡ, ಲಿಫ್ಟ್ ಇಲ್ಲ, ಮೂರನೇ ಮಹಡಿ. ಮೇಡಂ ಮೂಲತಃ ಉತ್ತರ ಕನ್ನಡದವರು, ಅರವತ್ತು ದಾಟಿದವರು. ಕನ್ನಡದಲ್ಲೇ ಮಾತು. ಒಂದು ಬೈಠಕ್ಕಿಗೆ 1,500 ರೂಪಾಯಿ, ಅದೂ ಮೊದಲೇ. ಮೊದಲ ಸಲ ಒಂದೂಕಾಲು ಗಂಟೆ ಕಾದೆ, ಕುಡಿಯಲು ನೀರು ಕೂಡ ಯಾರೂ ಕೊಡಲಿಲ್ಲ.

"ಕಂಪನಿ ಮಾಡಿಸಬೇಕು ಮೇಡಂ" ಎಂದೆ.

"ನಿಮಗೆ ಸಾಲ ಎಷ್ಟಿದೆ? ಯಾರಿಂದ ಎಷ್ಟು ಬರಬೇಕು?" ಎಂದರು.

ಇಷ್ಟು ವರ್ಷದಲ್ಲಿ ಈ ಎರಡು ಪ್ರಶ್ನೆಗಳನ್ನು ನನಗೆ ಯಾರೂ ಒಟ್ಟಿಗೆ ಕೇಳಿರಲಿಲ್ಲ. ಸಾಲ ಸ್ಕೂಟರಿನದು ಮಾತ್ರ. ಬರಬೇಕಾದ್ದು ಮೂರು ಲಕ್ಷದ ಹತ್ತಿರ, ಎಲ್ಲ ಹೋಟೆಲುಗಳ ಬಾಕಿ. ಅದನ್ನು ಕೇಳಿ ಅವರು ನನ್ನ ಪಾಸ್‌ಬುಕ್ಕಿನ ಜೆರಾಕ್ಸ್ ಹಿಂದೆಯೇ ಬರೆಯತೊಡಗಿದರು.

ಅವರು ಹೇಳಿದ್ದರ ತಿರುಳು ಇದು. ನಾನು ಈಗಾಗಲೇ ಒಂದು ಸಂಸ್ಥೆ, ಅದರ ಹೆಸರು ಪ್ರೊಪ್ರೈಟರ್‌ಶಿಪ್, ಅಂದರೆ ಒಂಟಿ ಮಾಲೀಕತ್ವ. ಅದಕ್ಕೆ ಬೇರೆ ನೋಂದಣಿ ಎಂಬುದೇ ಇಲ್ಲ. ನನ್ನ ಪ್ಯಾನ್ ಕಾರ್ಡೇ ಅಂಗಡಿಯ ಪ್ಯಾನ್ ಕಾರ್ಡು, ಅಂಗಡಿಯ ಲಾಭವೇ ನನ್ನ ಆದಾಯ, ಅಂಗಡಿಯ ಸಾಲವೂ ನನ್ನದೇ. ಈ ಕೊನೆಯ ಮಾತೇ ಹೆದರಿಕೆಯದು. ಕಂಪನಿಯಾದರೆ ಅದರ ಸಾಲ ಕಂಪನಿಗೆ, ಅದಕ್ಕೂ ಮಾಲೀಕನ ಸ್ವಂತ ಆಸ್ತಿಗೂ ನಡುವೆ ಒಂದು ಗೋಡೆ. ಒಂಟಿ ಮಾಲೀಕನಿಗೆ ಆ ಗೋಡೆ ಇಲ್ಲ, ಸಾಲ ಕೊಟ್ಟವರು ಡೊಂಬಿವಲಿಯ ನನ್ನ ಮನೆಯವರೆಗೂ ಬರಬಹುದು. "ಹಾಗಾದರೆ ಕಂಪನಿಯೇ ಒಳ್ಳೆಯದಲ್ಲವೇ?" ಎಂದೆ. ಮೇಡಂ ಕನ್ನಡಕ ತೆಗೆದಿಟ್ಟರು. ಸಣ್ಣ ಕಂಪನಿಗೆ ಬ್ಯಾಂಕು ಸಾಲ ಕೊಡುವಾಗ ನಿರ್ದೇಶಕನಿಂದಲೇ ವೈಯಕ್ತಿಕ ಜಾಮೀನು ಬರೆಸಿಕೊಳ್ಳುತ್ತದೆ, ಅಲ್ಲಿಗೆ ಆ ಗೋಡೆಗೆ ಬಾಗಿಲು ಇಟ್ಟ ಹಾಗೆ. ಇನ್ನು ನೀವೇ ಜೋಡಿಸಿದ ತಂತಿಯಿಂದ ಹೋಟೆಲಿನ ಹುಡುಗನಿಗೆ ಶಾಕ್ ಹೊಡೆದರೆ, ತಪ್ಪು ಮಾಡಿದ ಕೈ ನಿಮ್ಮದೇ. ಮುಂದೆ ಕಂಪನಿಯ ಬೋರ್ಡು ಇದೆ ಎಂದು ನೀವು ಪಾರಾಗುವುದಿಲ್ಲ. ಅದಕ್ಕೆ ಬೇಕಾದದ್ದು ವಿಮೆ, ಕಂಪನಿಯಲ್ಲ. ನಿಮ್ಮ ಹುಡುಗರಿಗೆ ವಿಮೆ ಮಾಡಿಸಿದ್ದೀರಾ?

ಮಾಡಿಸಿರಲಿಲ್ಲ. ಆ ವಾರವೇ ಮಾಡಿಸಿದೆ.

ಕಂಪನಿ ಸಾಕುವ ಖರ್ಚನ್ನೂ ಅವರೇ ಲೆಕ್ಕ ಹಾಕಿದರು. ವಹಿವಾಟು ಒಂದು ರೂಪಾಯಿಯೂ ಇಲ್ಲದಿದ್ದರೂ ಕಂಪನಿಗೆ ಪ್ರತಿ ವರ್ಷ ಲೆಕ್ಕಪರಿಶೋಧನೆ ಕಡ್ಡಾಯ. ವಾರ್ಷಿಕ ನಮೂನೆಗಳನ್ನು ಸಲ್ಲಿಸಲು ತಡವಾದರೆ ಒಂದೊಂದು ನಮೂನೆಗೆ ದಿನಕ್ಕೆ 100 ರೂಪಾಯಿ. ಸಾಕಪ್ಪಾ ಎಂದು ಮುಚ್ಚಲು ಹೋದರೆ ಅರ್ಜಿಯ ಶುಲ್ಕವೇ 10,000. ಎಲ್‌ಎಲ್‌ಪಿಗೆ ವಹಿವಾಟು 40 ಲಕ್ಷ ದಾಟುವ ತನಕ, ಇಲ್ಲವೇ ಬಂಡವಾಳ 25 ಲಕ್ಷ ದಾಟುವ ತನಕ ಆಡಿಟ್ ಇಲ್ಲ, ಆದರೆ ಇಬ್ಬರು ಬೇಕು, ಲಾಭಕ್ಕೆ ನೇರ 30 ಶೇಕಡಾ ತೆರಿಗೆ. ನನ್ನಂಥವನು ಒಬ್ಬನೇ ಆಗಿ, ಆದಾಯಕ್ಕೆ ತಕ್ಕಂತೆ ಏರುವ ಸ್ಲ್ಯಾಬ್ ಪ್ರಕಾರ ಕಟ್ಟಿದರೆ ಅದರ ಅಲ್ಪ ಭಾಗವೂ ಆಗದು.

ಇಬ್ಬರು ಎಂದಾಗ ನನಗೆ ಷಡ್ಡಕನ ನೆನಪಾಯಿತು. ಅವನು ಎರಡು ಲಕ್ಷ ಹಾಕಿ ಪಾಲುದಾರನಾಗುತ್ತೇನೆ ಎನ್ನುತ್ತಿದ್ದ. "ಷಡ್ಡಕರು ದುಡ್ಡು ಹಾಕುತ್ತಾರೋ, ಗ್ರೈಂಡರ್ ಬಿಚ್ಚುತ್ತಾರೋ?" ಎಂದು ಕೇಳಿದರು. ದುಡ್ಡು ಮಾತ್ರ ಎಂದೆ. "ಹಾಗಾದರೆ ಅದು ಸಾಲ. ಕಾಗದ ಮಾಡಿಕೊಳ್ಳಿ, ಬಡ್ಡಿ ಕೊಡಿ. ಪಾಲುದಾರ ಮಾಡಿದ ಸಾಲಕ್ಕೆ ನೀವೂ ಹೊಣೆ, ನೀವು ಮಾಡಿದ್ದಕ್ಕೆ ಅವರೂ ಹೊಣೆ. ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕಾದವರು ನೀವು." 1932ರ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಾಯಿಸದ ಸಂಸ್ಥೆ ತನ್ನ ಬಾಕಿಗಾಗಿ ಗಿರಾಕಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬುದನ್ನೂ ಆಗಲೇ ತಿಳಿದೆ. ಷಡ್ಡಕ ಎರಡು ತಿಂಗಳು ಮುನಿಸಿಕೊಂಡಿದ್ದ. ಈಗ ಬಡ್ಡಿ ತೆಗೆದುಕೊಂಡು ಸುಖವಾಗಿದ್ದಾನೆ.

ಅವರು ಮಾಡಿಸಿದ ಕೆಲಸ ಮೂರು. ಮೊದಲನೆಯದು ಗುಮಾಸ್ತಾ. ಮುಂಬಯಿಯಲ್ಲಿ ಅಂಗಡಿ ಪರವಾನಗಿಗೆ ಎಲ್ಲರೂ ಹೇಳುವುದು ಹೀಗೆಯೇ. ಮಹಾರಾಷ್ಟ್ರದ 2017ರ ಕಾಯ್ದೆಯ ಪ್ರಕಾರ ಆಗ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ನೋಂದಣಿ ಬೇಕಿರಲಿಲ್ಲ, ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ ಸಾಕಿತ್ತು. ಇದಕ್ಕೇ ಗಲ್ಲಿಯ ಏಜೆಂಟನೊಬ್ಬ ನನ್ನಿಂದ ನಾಲ್ಕು ಸಾವಿರ ಕೇಳಿದ್ದ. ಎರಡನೆಯದು ಉದ್ಯಮ್, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಸರ್ಕಾರಿ ಶುಲ್ಕ ಸೊನ್ನೆ. ಈ ಎರಡು ಕಾಗದ ತೋರಿಸಿ ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದದ್ದು ಮೂರನೆಯದು.

ಉದ್ಯಮ್ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ ಎಂದಿದ್ದರು. ಯಾಕೆಂದು ಮಾರ್ಚ್‌ನಲ್ಲಿ ತಿಳಿಯಿತು. ಸಣ್ಣ ಉದ್ಯಮದ ಬಿಲ್ಲನ್ನು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. ಗಡುವು ಮೀರಿ ವರ್ಷಾಂತ್ಯದವರೆಗೂ ಕೊಡದೆ ಉಳಿಸಿಕೊಂಡರೆ ದೊಡ್ಡ ಹೋಟೆಲಿನವರು ಅದನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. "ಮುಂದಿನ ವಾರ ನೋಡುವ" ಎಂದು ಎರಡು ವರ್ಷ ಸತಾಯಿಸಿದ ಮಾಲೀಕರೊಬ್ಬರು ಮಾರ್ಚ್ 28ರಂದು ತಾವೇ ಫೋನು ಮಾಡಿ ಖಾತೆ ಸಂಖ್ಯೆ ಕೇಳಿದರು. ಮೇಡಂಗೆ ಕೊಟ್ಟ 1,500 ಅಂದೇ ಹಲವು ಪಟ್ಟಾಗಿ ಹಿಂದಿರುಗಿತು.

ಇನ್ನೊಂದು ತಪ್ಪನ್ನೂ ತಿದ್ದಿದರು. ಜಿಎಸ್‌ಟಿ 40 ಲಕ್ಷದ ತನಕ ಬೇಡ ಎಂದು ನಾನು ನಿಶ್ಚಿಂತನಾಗಿದ್ದೆ. ಆ ಮಿತಿ ಬರೀ ಸರಕು ಮಾರುವವರಿಗೆ. ರಿಪೇರಿ ಸೇವೆ, ಜೊತೆಗೆ ಬಿಡಿಭಾಗ ಮಾರಿದರೂ ಮಿತಿ 20 ಲಕ್ಷವೇ. ನನ್ನ ವಹಿವಾಟು ಆಗ 17 ಲಕ್ಷದಲ್ಲಿತ್ತು, ಮರುವರ್ಷ ದಾಟಿತು, ನೋಂದಣಿ ಮಾಡಿಸಿದೆವು.

ಆದಾಯ ತೆರಿಗೆಯ ಅಂದಾಜು ಲಾಭದ ಪದ್ಧತಿಯಲ್ಲಿ ಬ್ಯಾಂಕು, ಯುಪಿಐ ಮೂಲಕ ಬಂದ ಹಣಕ್ಕೆ ಶೇಕಡಾ 6, ನಗದಿಗೆ ಶೇಕಡಾ 8 ಲಾಭವೆಂದು ತೋರಿಸಿದರೆ ಸಾಕಲ್ಲವೇ ಎಂದು ನಾನು ಜಾಣತನ ತೋರಿಸಿದ್ದಕ್ಕೆ ಬೈಗುಳ ಸಿಕ್ಕಿತು. ಅದು ಕನಿಷ್ಠ, ನಿಜವಾಗಿ ಗಳಿಸಿದ್ದು ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. ನಾಳೆ ಮನೆ ಸಾಲಕ್ಕೆ ಹೋದಾಗ ಲಕ್ಷ ರೂಪಾಯಿ ಆದಾಯ ನೋಡಿ ಯಾವ ಬ್ಯಾಂಕು ಕೊಡುತ್ತದೆ ಎಂದರು.

ದೂರುಗಳೂ ಇವೆ. ಫೋನು ಎತ್ತುವುದಿಲ್ಲ. ರಸೀದಿಯನ್ನು ಕೇಳಿ ಪಡೆಯಬೇಕು. ಜುಲೈ ತಿಂಗಳಲ್ಲಿ ಹೋದರೆ ಮುಖ ಎತ್ತಿಯೂ ನೋಡುವುದಿಲ್ಲ. ಎಲ್ಲಕ್ಕಿಂತ ದೊಡ್ಡದು: ಜಿಎಸ್‌ಟಿ ನೋಂದಣಿಯಾದ ಮೇಲೆ ನನ್ನ ಹೆಸರಿನಲ್ಲೂ ವರ್ಷಕ್ಕೆ 2,500 ವೃತ್ತಿ ತೆರಿಗೆ ಕಟ್ಟಬೇಕು ಎಂದು ಹೇಳಲು ಅವರ ಕಚೇರಿ ಮರೆಯಿತು. ಬಡ್ಡಿ ಸೇರಿಸಿ ಕಟ್ಟಿದೆ. ಕೇಳಿದರೆ "ನಮ್ಮ ತಪ್ಪು" ಎಂದರು, ಆ ಸಲದ ಶುಲ್ಕ ತೆಗೆದುಕೊಳ್ಳಲಿಲ್ಲ. ಅದಕ್ಕಾಗಿ ಐದರಲ್ಲಿ ಅರ್ಧ ನಕ್ಷತ್ರ ಕಳೆಯುತ್ತೇನೆ, ಮೆಟ್ಟಿಲಿಗೆ ಇನ್ನರ್ಧ.

ಹೋಗುವವರು ಆರು ತಿಂಗಳ ಪಾಸ್‌ಬುಕ್ಕು, ಬಾಕಿ ಪಟ್ಟಿ ಒಯ್ಯಿರಿ. ಅವರು ಮೊದಲು ನೋಡುವುದು ಖಾತೆಗೆ ನಾಮಿನಿ ಇದ್ದಾರೆಯೇ ಎಂಬುದನ್ನು. ಒಂಟಿ ಮಾಲೀಕ ಸತ್ತರೆ ಅಂಗಡಿಯೂ ಕಾನೂನಿನ ಕಣ್ಣಿನಲ್ಲಿ ಅಲ್ಲಿಗೇ ಮುಗಿಯುತ್ತದೆ, ಜಿಎಸ್‌ಟಿ ಸಂಖ್ಯೆ ಕೂಡ. ವಾರಸುದಾರರು ಹೊಸದಾಗಿ ತೆಗೆದುಕೊಳ್ಳಬೇಕು. ನನ್ನ ಖಾತೆಯ ಆ ಜಾಗ ಖಾಲಿ ಇತ್ತು. ಈಗ ಅಲ್ಲಿ ನನ್ನ ಹೆಂಡತಿಯ ಹೆಸರಿದೆ, ಬಾಕಿ ಪಟ್ಟಿಯ ಒಂದು ಪ್ರತಿ ಮನೆಯ ಕಪಾಟಿನಲ್ಲಿದೆ, ಪ್ರತಿ ತಿಂಗಳ ಮೊದಲ ಭಾನುವಾರ ಅವಳೇ ಅದನ್ನು ತಿದ್ದುತ್ತಾಳೆ.