ಉಸಿರು ಕಟ್ಟುವ ಗೊರಕೆ: ಮನೆ ಕಿಟ್ಟೋ, ಲ್ಯಾಬೋ?

ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ, ಎಷ್ಟಿದೆ ಅಂತ ತಿಳಿಯಲು ತುಮಕೂರಿನವರಿಗೆ ದಾರಿ ಎರಡು. ಮನೆ ಕಿಟ್‌ನಲ್ಲಿ ಮೂಗಿಗೆ ಸಣ್ಣ ನಳಿಕೆ, ಎದೆಗೆ ಬೆಲ್ಟ್, ಬೆರಳಿಗೆ ಕ್ಲಿಪ್. ಖರ್ಚು ಕಡಿಮೆ. ನಿದ್ದೆ ಪರೀಕ್ಷೆಯ ಲ್ಯಾಬಿನಲ್ಲಿ ತಲೆಗೂ ವೈರ್ ಅಂಟಿಸಿ ನಿದ್ದೆಯನ್ನೇ ಅಳೆಯುತ್ತಾರೆ.

ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಅನ್ನೋದೇ ಲೆಕ್ಕ. 5ರಿಂದ 15ರೊಳಗೆ ಸೌಮ್ಯ, 30ರೊಳಗೆ ಮಧ್ಯಮ, ಅದರಾಚೆ ತೀವ್ರ. ಆದರೆ ಸಾಮಾನ್ಯ ಕಿಟ್‌ಗೆ ನೀವು ಎಚ್ಚರವಿದ್ದದ್ದು ಗೊತ್ತಾಗುವುದಿಲ್ಲ. 8 ಗಂಟೆ ಮಲಗಿ 5 ಗಂಟೆ ಮಾತ್ರ ನಿದ್ದೆ ಬಂತು, 160 ಸಲ ಉಸಿರು ಕಟ್ಟಿತು ಅನ್ನಿ. ಕಿಟ್ 20 ಅನ್ನುತ್ತದೆ, ಲ್ಯಾಬ್ 32. ದೊಡ್ಡ ವ್ಯತ್ಯಾಸ ಅಲ್ವಾ?

ಜೋರು ಗೊರಕೆ, ಹಗಲು ತೂಕಡಿಕೆ ಇದ್ದು ಬೇರೆ ಕಾಯಿಲೆ ಇಲ್ಲದವರಿಗೆ ಮೊದಲು ಕಿಟ್ ಸಾಕು. ಹೃದಯ, ಶ್ವಾಸಕೋಶದ ತೊಂದರೆ ಜಾಸ್ತಿ ಇದ್ದರೆ ಬೆಂಗಳೂರಿಗೆ ಹೋಗಬೇಕಾದರೂ ಲ್ಯಾಬೇ ಸರಿ. ಕಿಟ್ ‘ಏನಿಲ್ಲ’ ಅಂದರೂ ತೂಕಡಿಕೆ ನಿಲ್ಲದಿದ್ದರೆ ಸುಮ್ನಿರಬೇಡಿ, ಡಾಕ್ಟರನ್ನು ಕೇಳಿ ಲ್ಯಾಬ್ ಪರೀಕ್ಷೆ ಮಾಡಿಸಿ.