ರಾತ್ರಿ ಒಂಬತ್ತೂವರೆಯ ಆಟ, ವರ್ಡ್‌ಪ್ರೆಸ್‌ನ ಗಡಿಯಾರ

ಸಾಗರದ ಹತ್ತಿರ ನಮ್ಮೂರಿನಲ್ಲಿ ಯಕ್ಷಗಾನ ಆಡಿಸುವ ಒಂದು ಗೆಳೆಯರ ಗುಂಪಿದೆ. ಅವರ ವೆಬ್‌ಸೈಟ್ ನೋಡಿಕೊಳ್ಳುವವನು ನಾನು. ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದು. ಜನ ಅಲ್ಲಿಗೆ ಬರುವುದೇ ಆಟ ಯಾವತ್ತು, ಎಷ್ಟು ಗಂಟೆಗೆ ಅಂತ ನೋಡಲಿಕ್ಕೆ. ಅದೊಂದು ತಪ್ಪಿದರೆ ಮಿಕ್ಕಿದ್ದೆಲ್ಲ ಎಷ್ಟು ಚಂದ ಇದ್ದರೂ ಪ್ರಯೋಜನ ಇಲ್ಲ. ಹಾಗಾಗಿ ವರ್ಡ್‌ಪ್ರೆಸ್‌ನ ದಿನಾಂಕ, ಸಮಯದ ಫಂಕ್ಷನ್‌ಗಳ (ಕೋಡಿನಲ್ಲಿ ಹೆಸರು ಹೇಳಿ ಕರೆಯುವ ಸಿದ್ಧ ತುಣುಕುಗಳ) ಬಗ್ಗೆ, ಬಳಸಿ ಕಂಡುಕೊಂಡಷ್ಟನ್ನು ಬರೆಯುತ್ತಿದ್ದೇನೆ.

2019ರ ನವೆಂಬರಿನಲ್ಲಿ ಬಂದ 5.3 ಆವೃತ್ತಿಯಲ್ಲಿ ಈ ಭಾಗವನ್ನು ಒಳ್ಳೇ ರೀತಿ ರಿಪೇರಿ ಮಾಡಿದ್ದಾರೆ. ಡಬ್ಲ್ಯೂಪಿ_ಡೇಟ್, ಡಬ್ಲ್ಯೂಪಿ_ಟೈಮ್‌ಝೋನ್, ಕರೆಂಟ್_ಡೇಟ್‌ಟೈಮ್ ಎಲ್ಲ ಆಗ ಸೇರಿದ್ದು. ಅದಕ್ಕೂ ಮುಂಚೆ ಒಂದು ಗೋಜಲು ಇತ್ತು. ವರ್ಡ್‌ಪ್ರೆಸ್ ನಿಜವಾದ ಟೈಮ್‌ಸ್ಟ್ಯಾಂಪಿಗೆ (ಯುಟಿಸಿ ಅನ್ನುವ ಜಾಗತಿಕ ಗಡಿಯಾರದ ಲೆಕ್ಕದಲ್ಲಿ ಸಮಯವನ್ನು ಸೆಕೆಂಡುಗಳಲ್ಲಿ ಹೇಳುವ ಸಂಖ್ಯೆ) ನಾವು ಯುಟಿಸಿಗಿಂತ ಮುಂದಿರುವ ಐದೂವರೆ ಗಂಟೆ ಕೂಡಿಸಿ, ಬಂದ ಲೆಕ್ಕವನ್ನೇ ಟೈಮ್‌ಸ್ಟ್ಯಾಂಪ್ ಅಂತ ಕೊಡುತ್ತಿತ್ತು. ಡೇಟ್_ಐ18ಎನ್ ಅನ್ನುವ ಹಳೇ ಫಂಕ್ಷನ್‌ಗೆ ಅಂಥದ್ದೇ ಬೇಕು. ಡಬ್ಲ್ಯೂಪಿ_ಡೇಟ್‌ಗೆ ನಿಜವಾದ ಟೈಮ್‌ಸ್ಟ್ಯಾಂಪ್ ಕೊಟ್ಟರೆ ಸಾಕು. ಸೆಟ್ಟಿಂಗ್ಸ್‌ನಲ್ಲಿ ಸಮಯ ವಲಯ ಕೋಲ್ಕತ್ತಾ ಅಂತ ಆರಿಸಿದ್ದರೆ ನಮ್ಮ ಸಮಯವನ್ನು ತಾನೇ ತೋರಿಸುತ್ತದೆ. ಸೈಟಿನ ಭಾಷೆ ಕನ್ನಡ ಇದ್ದರೆ ವಾರ, ತಿಂಗಳ ಹೆಸರೂ ಕನ್ನಡದಲ್ಲೇ ಬರುತ್ತವೆ. ಬರೀ ಪಿಎಚ್‌ಪಿಯ (ವರ್ಡ್‌ಪ್ರೆಸ್ ಬರೆದಿರುವ ಕೋಡಿನ ಭಾಷೆಯ) ಡೇಟ್ ಹಾಕಿದರೆ ಇಂಗ್ಲಿಷೇ ಗತಿ.

ಆದರೆ ಹಳೇದು ತೆಗೆದು ಹೊಸದು ಹಾಕುವಾಗ ಜಾಗ್ರತೆ ಬೇಕು. ನಾನು ಎಡವಿದ್ದು ಅಲ್ಲೇ.

2023ರ ನವೆಂಬರ್ 18, ಶನಿವಾರ ರಾತ್ರಿ 9:30ಕ್ಕೆ ಆಟ ಇತ್ತು. ಅದರ ಹಿಂದಿನ ವಾರ ಕೂತು, ಡೇಟ್_ಐ18ಎನ್ ಇದ್ದ ಕಡೆಯೆಲ್ಲ ಡಬ್ಲ್ಯೂಪಿ_ಡೇಟ್ ಅಂತ ಬದಲಾಯಿಸಿದೆ. ಬೇರೆ ಏನೂ ಮುಟ್ಟಲಿಲ್ಲ. ಮಾರನೇ ದಿನ ಹೊಸನಗರದಿಂದ ಪರಿಚಯದ ಹಿರಿಯರೊಬ್ಬರು ಫೋನ್ ಮಾಡಿದರು. "ಎಂತ ಮಾರಾಯ, ಆಟ ಶುರುವಾಗೋದು ಬೆಳಗಿನ ಜಾವ ಮೂರಕ್ಕಾ? ಅದೂ ಭಾನುವಾರ?"

ಸೈಟ್ ತೆಗೆದು ನೋಡಿದೆ. ಹೌದು, ಭಾನುವಾರ 3:00 ಅಂತಲೇ ಇತ್ತು. ಡೇಟಾಬೇಸಿನಲ್ಲಿ ಮಾತ್ರ 2023-11-18 21:30:00 ಅಂತ ಸರಿಯಾಗೇ ಕೂತಿತ್ತು. ಆಗಿದ್ದು ಇಷ್ಟು. ವರ್ಡ್‌ಪ್ರೆಸ್ ಶುರುವಾಗುವಾಗಲೇ ಪಿಎಚ್‌ಪಿಯ ಗಡಿಯಾರವನ್ನು ಯುಟಿಸಿಗೆ ಇಡುತ್ತದೆ. ನನ್ನ ಕೋಡಿನಲ್ಲಿದ್ದ, ಅಕ್ಷರದಲ್ಲಿರುವ ಸಮಯವನ್ನು ಟೈಮ್‌ಸ್ಟ್ಯಾಂಪ್ ಮಾಡುವ ಸ್ಟ್ರ್‌ಟುಟೈಮ್ ಆ ಒಂಬತ್ತೂವರೆಯನ್ನು ಯುಟಿಸಿಯ ಒಂಬತ್ತೂವರೆ ಅಂತ ಓದಿತು. ಡಬ್ಲ್ಯೂಪಿ_ಡೇಟ್ ಅದಕ್ಕೆ ಐದೂವರೆ ಗಂಟೆ ಕೂಡಿಸಿತು. ಹಳೇ ಫಂಕ್ಷನ್ ಕೂಡಿಸುತ್ತಿರಲಿಲ್ಲ, ಹಾಗಾಗಿ ಅಲ್ಲಿಯವರೆಗೆ ಎಲ್ಲ ಸರಿ ಕಾಣುತ್ತಿತ್ತು. ಈಗ ಸ್ಟ್ರ್‌ಟುಟೈಮ್ ಪೂರ್ತಿ ಬಿಟ್ಟಿದ್ದೇನೆ. ಪಿಎಚ್‌ಪಿಯದೇ ಆದ ಡೇಟ್‌ಟೈಮ್‌ಇಮ್ಯೂಟಬಲ್‌ಗೆ ಡೇಟಾಬೇಸಿನ ಆ ಅಕ್ಷರಗಳ ಜೊತೆಗೇ, ಸೈಟಿನ ಸಮಯ ವಲಯ ಹೇಳುವ ಡಬ್ಲ್ಯೂಪಿ_ಟೈಮ್‌ಝೋನ್ ಕೊಡುತ್ತೇನೆ, ಅದರಿಂದ ಬಂದ ಟೈಮ್‌ಸ್ಟ್ಯಾಂಪನ್ನು ಡಬ್ಲ್ಯೂಪಿ_ಡೇಟ್‌ಗೆ ಕೊಡುತ್ತೇನೆ. ಎರಡೇ ಸಾಲು. ಆಮೇಲೆ ಒಂದು ಸಲವೂ ತಪ್ಪಿಲ್ಲ.

"ಇವತ್ತಿನ ಆಟ" ಅನ್ನುವ ಪಟ್ಟಿಯಲ್ಲಿ ಕಲಿತದ್ದು ಇನ್ನೂ ಜಾಸ್ತಿ. ಮೊದಲು ಅಲ್ಲಿ ಪಿಎಚ್‌ಪಿಯ ಡೇಟ್ ಇತ್ತು. ಅದು ಯುಟಿಸಿ ಲೆಕ್ಕ, ಹಾಗಾಗಿ ನಮ್ಮಲ್ಲಿ ಬೆಳಗ್ಗೆ 5:30 ಆಗುವವರೆಗೆ ಅದಕ್ಕೆ ನಿನ್ನೆಯೇ. ತಪ್ಪು ಅಂತ ತಿದ್ದಿ, ಸೈಟಿನ ಸಮಯ ವಲಯದಲ್ಲಿ ಈಗಿನ ಸಮಯ ಕೊಡುವ ಕರೆಂಟ್_ಡೇಟ್‌ಟೈಮ್ ಹಾಕಿದೆ. ಆಗ ಬೇರೆ ತೊಂದರೆ ಕಾಣಿಸಿತು. ರಾತ್ರಿ ಹನ್ನೆರಡು ಹೊಡೆದ ಕೂಡಲೇ ಪಟ್ಟಿ ಖಾಲಿ! ರಂಗದ ಮೇಲೆ ಚಂಡೆ ಜೋರಾಗಿ ನಡೆಯುತ್ತಿದೆ, ಸೈಟ್ ನೋಡಿದರೆ ಇವತ್ತು ಆಟವೇ ಇಲ್ಲ ಅನ್ನುತ್ತದೆ. ನಡುರಾತ್ರಿ ದಾರಿ ಕೇಳಿಕೊಂಡು ಬರುವವರು ಎಷ್ಟು ಜನ ಇರುತ್ತಾರೆ, ಅಲ್ವಾ? ನಮ್ಮ ಕಡೆ ಶನಿವಾರದ ಆಟ ಅಂದರೆ ಭಾನುವಾರ ಬೆಳಕು ಹರಿಯುವವರೆಗೂ ಅದು ಶನಿವಾರದ ಆಟವೇ. ಅದಕ್ಕೆ ಫಾರಂನಲ್ಲಿ ಮುಗಿಯುವ ಸಮಯಕ್ಕೂ ಒಂದು ಖಾನೆ ಸೇರಿಸಿದೆ. ಈಗ ಪಟ್ಟಿ ತಾರೀಕು ನೋಡುವುದಿಲ್ಲ, ಮುಗಿಯುವ ಸಮಯ ದಾಟಿತಾ ಅಂತ ನೋಡುತ್ತದೆ. ಮಂಗಳ ಹಾಡುವವರೆಗೂ ಆಟ ಪಟ್ಟಿಯಲ್ಲಿರುತ್ತದೆ.

ಸಮಯ ಗೊತ್ತು ಮಾಡಿಟ್ಟ ಪೋಸ್ಟುಗಳ ಬಗ್ಗೆ ಒಂದು ಮಾತು. ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ವರ್ಡ್‌ಪ್ರೆಸ್‌ನ ಕ್ರಾನ್ ಓಡುವುದು ಯಾರಾದರೂ ಸೈಟಿಗೆ ಬಂದಾಗ ಮಾತ್ರ. ನಮ್ಮಂಥ ಸಣ್ಣ ಸೈಟಿನಲ್ಲಿ ಬೆಳಗ್ಗೆ 5ಕ್ಕೆ ಅಂತ ಇಟ್ಟದ್ದು ಮೊದಲನೇ ಓದುಗ ಬರುವವರೆಗೆ ಸುಮ್ನೆ ಕೂತಿರುತ್ತದೆ. ಸರ್ವರಿನ ಕ್ರಾನ್‌ನಿಂದ ಐದು ನಿಮಿಷಕ್ಕೊಮ್ಮೆ ಕರೆಸಿದೆ, ಸರಿಹೋಯಿತು.

ಒಂದು ಕೊರತೆ ಮಾತ್ರ ನನಗೆ ನಿಜಕ್ಕೂ ಬೇಜಾರು. ಆಟವನ್ನು ಯೂಟ್ಯೂಬಿನಲ್ಲಿ ಲೈವ್ ಬಿಡುತ್ತೇವೆ. ನ್ಯೂಜೆರ್ಸಿಯಲ್ಲಿರುವ ನಮ್ಮೂರಿನ ಹುಡುಗರು ನೋಡುತ್ತಾರೆ. ನಮ್ಮ ರಾತ್ರಿ 9:30 ಅಂದರೆ ಅವರಿಗೆ ಚಳಿಗಾಲದಲ್ಲಿ ಬೆಳಗ್ಗೆ 11, ಮಾರ್ಚ್‌ನ ಎರಡನೇ ಭಾನುವಾರ ಕಳೆದರೆ ಮಧ್ಯಾಹ್ನ 12. ನೋಡುವವರ ಊರಿನ ಸಮಯ ತೋರಿಸುವ ಅನುಕೂಲ ವರ್ಡ್‌ಪ್ರೆಸ್ ತಾನಾಗಿ ಕೊಡುವುದಿಲ್ಲ. ಡಬ್ಲ್ಯೂಪಿ_ಡೇಟ್‌ಗೆ ಸಮಯ ಬರೆಯುವ ರೂಪ 'ಸಿ' ಅಂತ ಕೊಟ್ಟರೆ ಕೊನೆಗೆ +05:30 ಸೇರಿದ ಪೂರ್ತಿ ಸಮಯ ಬರುತ್ತದೆ. ಅದನ್ನು ಟೈಮ್ ಟ್ಯಾಗಿನಲ್ಲಿಟ್ಟು, ಅವರವರ ಬ್ರೌಸರಿನಲ್ಲೇ ಬದಲಾಗುವ ಹಾಗೆ ಜಾವಾಸ್ಕ್ರಿಪ್ಟ್ ನಾನೇ ಬರೆದೆ. ಒಟ್ಟಿನಲ್ಲಿ ಈ ಫಂಕ್ಷನ್‌ಗಳಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಇದಕ್ಕೇ.